ಬಯಾಪ್ಸಿ ವರದಿ ತಂದಿರಾ?



ಉದಗೀರದ ಅಡತಿ ಅಂಗಡಿಯಿರಲಿ, ನಿಲಂಗಾ, ಉಮರಗಾದ ಕಿರಾಣಿ ವ್ಯಾಪಾರವಿರಲಿ, ಹಳೆಯ ಪಾವತಿಯನ್ನೂ ನಾವು ಜೋಪಾನವಾಗಿ ಇಟ್ಟಿರುತ್ತೇವೆ. ಆದರೆ ಅಪೆಂಡಿಕ್ಸ್ ಆಪರೇಶನ್ ಆದ ಮನೆಯಲ್ಲಿ ಬಯಾಪ್ಸಿ ವರದಿ ಎಲ್ಲಿ ಎಂದು ಕೇಳಿ ನೋಡಿ, ಎಷ್ಟೋ ಕಡೆ ಉತ್ತರವಿರುವುದಿಲ್ಲ. ನೋವು ಹೋಯಿತು, ಹೊಲಿಗೆ ಬಿಚ್ಚಿದರು, ಅಲ್ಲಿಗೆ ಲೆಕ್ಕ ಮುಗಿಯಿತೆಂಬ ಭಾವನೆ. ಆದರೆ ವರದಿ ನೋಡುವವರೆಗೆ ಈ ಲೆಕ್ಕ ಮುಗಿಯುವುದಿಲ್ಲ.

ಅಪೆಂಡಿಕ್ಸ್ ಎಂದರೆ ದೊಡ್ಡ ಕರುಳಿನ ಆರಂಭಕ್ಕೆ ಅಂಟಿಕೊಂಡಿರುವ ಬೆರಳಿನಂಥ ಚಿಕ್ಕ ನಳಿಗೆ. ಬಾವು ಬಂದಿದೆಯೆಂದು ತೆಗೆದ ಅಪೆಂಡಿಕ್ಸ್‌ಗಳಲ್ಲಿ ಸುಮಾರು ನೂರಕ್ಕೆ ಒಂದರಲ್ಲಿ ಗಡ್ಡೆ ಸಿಗುತ್ತದೆ. ಗರ್ಭಕೋಶ, ಅಂಡಾಶಯಗಳ ಆಪರೇಶನ್ ಮಾಡುವಾಗ ಅಕಸ್ಮಾತ್ ಕಂಡದ್ದೂ ಉಂಟು. ಸೋನೋಗ್ರಾಫಿಯಲ್ಲಿ ಅದು ಕಾಣದಿರಬಹುದು, ಸರ್ಜನ್ನರ ಕಣ್ಣಿಗೂ ಬೀಳದಿರಬಹುದು. ಖಚಿತವಾಗಿ ಹೇಳುವುದು ಸೂಕ್ಷ್ಮದರ್ಶಕದ ಪರೀಕ್ಷೆ ಮಾತ್ರ.

ಇವುಗಳಲ್ಲಿ ಕಾರ್ಸಿನಾಯ್ಡ್ ಎಂಬುದು ನಿಧಾನವಾಗಿ ಬೆಳೆಯುವ ಗಡ್ಡೆ, ಹೆಚ್ಚಾಗಿ ತುದಿಯಲ್ಲಿರುತ್ತದೆ. 1 ಸೆಂಟಿಮೀಟರಿಗಿಂತ ಚಿಕ್ಕದಿದ್ದು ಪೂರ್ಣವಾಗಿ ತೆಗೆದಿದ್ದರೆ ಸಾಮಾನ್ಯವಾಗಿ ಅಷ್ಟೇ ಚಿಕಿತ್ಸೆ ಸಾಕು. 2 ಸೆಂಟಿಮೀಟರ್ ದಾಟಿದ್ದರೆ ದೊಡ್ಡ ಕರುಳಿನ ಬಲಭಾಗವನ್ನೂ ತೆಗೆಸಲು ಹೇಳುತ್ತಾರೆ. ಲೋಳೆ ತುಂಬಿದ ಗಡ್ಡೆಯ ರೀತಿ ಬೇರೆ. ಅದು ಒಡೆದು ಲೋಳೆ ಹೊಟ್ಟೆಯೊಳಗೆ ಹರಡಿದರೆ ಕೆಲವು ವರ್ಷಗಳ ಮೇಲೂ ಹೊಟ್ಟೆ ಉಬ್ಬತೊಡಗಬಹುದು. ಹೆಸರಾಂತ ಹಾಲಿವುಡ್ ನಟಿ ಆಡ್ರಿ ಹೆಪ್‌ಬರ್ನ್ ಅವರಿಗೆ ಅಪೆಂಡಿಕ್ಸ್‌ನಿಂದ ಹುಟ್ಟಿದ ಕ್ಯಾನ್ಸರ್ ಇರುವುದು 1992ರ ನವೆಂಬರಿನಲ್ಲಿ ಹೊಟ್ಟೆಯ ಆಪರೇಶನ್ ಆದಾಗ ತಿಳಿಯಿತು. 1993ರ ಜನವರಿಯಲ್ಲಿ ಅವರು ತೀರಿಕೊಂಡರು.

ಆದ್ದರಿಂದ ಮನೆಯ ಹಿರಿಯರು ಡಿಸ್ಚಾರ್ಜ್ ಆಗುವ ಮೊದಲೇ ಮೂರು ಮಾತು ಕೇಳಿಕೊಳ್ಳಬೇಕು: ತೆಗೆದ ಭಾಗವನ್ನು ಪರೀಕ್ಷೆಗೆ ಕಳಿಸಿದ್ದೀರಾ? ಯಾವ ಲ್ಯಾಬಿಗೆ? ವರದಿ ಎಂದು ಬರುತ್ತದೆ? ವರದಿ ಬಂದ ಮೇಲೆ ಅದನ್ನು ಸರ್ಜನ್ನರಿಗೆ ತೋರಿಸಿ, ಪ್ರತಿಯನ್ನು ಫೈಲಿನಲ್ಲಿಡಿ. ಗಡ್ಡೆಯಿದೆ ಎಂದರೆ ಕ್ಯಾನ್ಸರ್ ತಜ್ಞರನ್ನು ಕಾಣಿ. ನಮ್ಮ ಭಾಗದವರಿಗೆ ಬಾರ್ಶಿಯ ನರ್ಗಿಸ್ ದತ್ ಆಸ್ಪತ್ರೆಯಿದೆ, ಮುಂಬಯಿಯ ಟಾಟಾ ಆಸ್ಪತ್ರೆಯಿದೆ. ಹೋಗುವಾಗ ಲ್ಯಾಬಿನಿಂದ ಸ್ಲೈಡು, ಬ್ಲಾಕುಗಳನ್ನೂ ಕೇಳಿ ಪಡೆಯಿರಿ. ಎರಡನೆಯ ಅಭಿಪ್ರಾಯಕ್ಕೆ ಅವು ಬೇಕಾಗುತ್ತವೆ.

ಇನ್ನೊಂದು ಮಾತು. ನಲವತ್ತು ದಾಟಿದವರ ಅಪೆಂಡಿಕ್ಸ್ ಬಾವು ಆಪರೇಶನ್ ಇಲ್ಲದೆ ಬರೀ ಔಷಧದಿಂದ ಇಳಿದಿದ್ದರೆ, ಮುಂದೆ ಸ್ಕ್ಯಾನ್, ಕೊಲೊನೊಸ್ಕೋಪಿ ಬೇಕೇ ಎಂದು ವೈದ್ಯರನ್ನು ತಪ್ಪದೆ ವಿಚಾರಿಸಿ.

ಹೆದರುವ ಕಾರಣವಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಮನೆಗಳಿಗೆ ವರದಿ ನೆಮ್ಮದಿಯನ್ನೇ ತರುತ್ತದೆ. ಉಳಿದ ಆ ಒಂದು ಮನೆ ಯಾರದೆಂಬುದು ಮಾತ್ರ ಓದದೆ ತಿಳಿಯುವುದಿಲ್ಲ.