ಮೊದಲ ವಿಮಾನಯಾನಕ್ಕೊಂದು ಕೈಮರ

2016ರಲ್ಲಿ ಕೇಂದ್ರ ಸರ್ಕಾರವು ಘೋಷಿಸಿದ ‘ಉಡಾನ್’ ಯೋಜನೆಯಿಂದಾಗಿ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗಳ ಜನರಿಗೂ ವಿಮಾನಯಾನವು ಹತ್ತಿರವಾಯಿತು. ಬಸ್ಸು, ರೈಲುಗಳನ್ನಷ್ಟೇ ಬಲ್ಲ ಮನೆತನಗಳ ಮಕ್ಕಳು ಸಂದರ್ಶನಕ್ಕೆಂದು, ತಾಯಂದಿರು ಮಗಳ ಬಾಣಂತನಕ್ಕೆಂದು ಒಬ್ಬರೇ ವಿಮಾನವೇರುವ ಕಾಲ ಬಂದಿದೆ. ಇದು ಹರ್ಷದಾಯಕ. ಆದರೆ ಅವರ ಕೈಯಲ್ಲಿರುವ ಮೊಬೈಲ್ ಆ್ಯಪ್‌ಗಳು ಅವರನ್ನು ನೆನೆದು ರಚಿತವಾದವುಗಳಲ್ಲವೆಂಬುದು ವಿಷಾದನೀಯ.

ಹೊಸಬರಿಗೆ ಆಕಾಶಕ್ಕಿಂತ ನೆಲದ ಮೇಲಿನ ಅಂಜಿಕೆಯೇ ಹೆಚ್ಚು. ಬೆಂಗಳೂರಿನಲ್ಲಿ 2023ರಿಂದ ಎರಡು ಟರ್ಮಿನಲ್‌ಗಳು ಬಳಕೆಯಲ್ಲಿವೆ, ಹೋಗಬೇಕಾದುದು ಯಾವುದಕ್ಕೆ? ದೇಶದೊಳಗಿನ ವಿಮಾನಗಳ ಚೆಕ್-ಇನ್ ಕೌಂಟರು ಸಾಮಾನ್ಯವಾಗಿ 60 ನಿಮಿಷ ಮೊದಲೇ ಮುಚ್ಚುವುದೆಂದು ತಿಳಿಸುವವರಾರು? ಪವರ್ ಬ್ಯಾಂಕನ್ನು ಕೈಚೀಲದಲ್ಲಿಯೇ ಒಯ್ಯಬೇಕೆಂಬುದನ್ನರಿಯದೆ ಹತ್ತು ಜನರೆದುರು ಪೆಟ್ಟಿಗೆ ಬಿಚ್ಚಬೇಕಾದವರ ಸಂಕೋಚ ಅಲ್ಪವಾದುದಲ್ಲ.

ಇಂತಹ ಗಳಿಗೆಯಲ್ಲಿ ಅನೇಕ ಆ್ಯಪ್‌ಗಳು ತೋರುವುದೇನು? ಹೆಚ್ಚು ಹಣದ ಆಸನ, ವಿಮೆ, ಊಟ, ಹೋಟೆಲುಗಳ ಜಾಹೀರಾತು. ಟರ್ಮಿನಲ್ಲಿನ ಸಂಖ್ಯೆ ಮಾತ್ರ ಮೂಲೆಯಲ್ಲಿ, ಸಣ್ಣಕ್ಷರದಲ್ಲಿ. ತಿಳಿನೀಲಿ ಬಣ್ಣ ಬಳಿದರೆ ಪ್ರಯಾಣಿಕನಿಗೆ ನೆಮ್ಮದಿಯಾಗುವುದೆಂದು ಕೆಲವು ವಿನ್ಯಾಸಕಾರರು ಭಾವಿಸಿದಂತಿದೆ. ಮುಂದೆ ಮಾಡಬೇಕಾದುದೇನೆಂಬುದು ಖಚಿತವಾದಾಗಲೇ ಮನಸ್ಸು ಸ್ತಿಮಿತಕ್ಕೆ ಬರುತ್ತದೆ.

ಉತ್ತಮ ಉಪಾಧ್ಯಾಯರು ವರ್ಷದ ಪಾಠವನ್ನೆಲ್ಲ ಮೊದಲ ದಿನವೇ ಕರಿಹಲಗೆಯ ಮೇಲೆ ಬರೆಯುವುದಿಲ್ಲ. ಪರದೆಯೂ ಆಯಾ ಹೊತ್ತಿಗೆ ಬೇಕಾದ ಒಂದೇ ಮಾತನ್ನು ಹೇಳಬೇಕು. ಹಿಂದಿನ ರಾತ್ರಿ ಪೆಟ್ಟಿಗೆ ಕಟ್ಟುವಾಗ ಪವರ್ ಬ್ಯಾಂಕಿನ ವಿಷಯ. ಮನೆ ಬಿಡುವಾಗ ಗುರುತಿನ ಚೀಟಿ ಮತ್ತು ಟರ್ಮಿನಲ್. ತಪಾಸಣೆ ಮುಗಿದ ಮೇಲೆ ಗೇಟಿನ ಸಂಖ್ಯೆ. ವಿಮಾನ ತಡವಾದರೆ ಕೆಂಪಕ್ಷರದಲ್ಲಿ ಅದನ್ನಷ್ಟೇ ಸಾರದೆ, ಎಲ್ಲಿ ಕಾಯಬೇಕು, ಯಾರನ್ನು ವಿಚಾರಿಸಬೇಕು ಎಂಬುದನ್ನೂ ತಿಳಿಸಬೇಕು. ಇದೆಲ್ಲ ಕನ್ನಡದಲ್ಲಿರಬೇಕು, ಓದಲಾರದವರಿಗೆ ಧ್ವನಿಯಲ್ಲಿ ಕೇಳಿಸಬೇಕು. ನೆಟ್‌ವರ್ಕ್ ಇಲ್ಲದಾಗಲೂ ಬೋರ್ಡಿಂಗ್ ಪಾಸು ತೆರೆಯುವಂತಿರಬೇಕು. ಗುಂಡಿಯೊಂದನ್ನು ಒತ್ತಿದರೆ ಮನುಷ್ಯರೊಬ್ಬರು ಉತ್ತರಿಸುವ ಏರ್ಪಾಡೂ ಅವಶ್ಯ.

ಜಾಹೀರಾತು ತೆಗೆದರೆ ಆದಾಯ ತಗ್ಗುವುದೆಂದು ಕಂಪನಿಗಳು ಆಕ್ಷೇಪಿಸಬಹುದು. ಆದರೆ ಮೊದಲ ಪ್ರಯಾಣದಲ್ಲಿಯೇ ನಾಲ್ವರೆದುರು ನಾಚಿಕೆಗೊಳಗಾದವರು ಎರಡನೆಯ ಸಲ ಬಸ್ಸನ್ನೇ ಹಿಡಿಯುವರೆಂಬುದನ್ನು ಅವು ಮರೆಯಬಾರದು.

ಕನ್ನಡ ಶಾಲೆಗಳಲ್ಲಿ ಕಲಿತು ಇಂದು ತಂತ್ರಾಂಶ ರಂಗದಲ್ಲಿ ದುಡಿಯುವವರು ಅನೇಕರಿದ್ದಾರೆ. ತಾವು ರಚಿಸಿದ ಪರದೆಯನ್ನು ಮಾರುಕಟ್ಟೆಗೆ ಕಳುಹುವ ಮುನ್ನ ಅವರು ಊರಿನಲ್ಲಿರುವ ತಾಯಿಯ ಕೈಗೊಮ್ಮೆ ಕೊಟ್ಟು ನೋಡಲಿ. ಆ ತಾಯಿ ಅಳುಕಿಲ್ಲದೆ ಗೇಟಿನವರೆಗೆ ನಡೆದು ಹೋಗಬಲ್ಲವರಾದರೆ ಅವರ ವಿದ್ಯೆ ಸಾರ್ಥಕವಾದಂತೆ.