ಟ್ಯಾಂಕು ಕೊಳ್ಳುವ ಮುನ್ನ ಒಂದು ಮಾತು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗೃಹಪ್ರವೇಶಕ್ಕೆ ಹೋಗಿದ್ದೆ. ಮಲೆನಾಡಿನ ಪ್ರೌಢಶಾಲೆಯೊಂದರಲ್ಲಿ ಮೂವತ್ತೆರಡು ವರ್ಷ ಸಮಾಜ ವಿಜ್ಞಾನ ಬೋಧಿಸಿ ನಿವೃತ್ತನಾದ ನನಗೆ ಈಗ ಮದುವೆ, ಗೃಹಪ್ರವೇಶಗಳೇ ತರಗತಿಗಳು. ಊಟ ಮುಗಿದು ಜಗಲಿಯಲ್ಲಿ ಎಲೆಯಡಿಕೆಯ ತಟ್ಟೆ ಸುತ್ತುತ್ತಿದ್ದಾಗ, ಬೆಂಗಳೂರಿನಲ್ಲಿ ಉದ್ಯಮ ನಡೆಸುವ ಶಿಷ್ಯನೊಬ್ಬ ಗೆಳೆಯರಿಗೆಲ್ಲ ಒಂದು ಪ್ರಶ್ನೆ ಹಾಕಿದ: “ದುಡ್ಡಿನ ಯೋಚನೆಯೇ ಇಲ್ಲ ಅಂತಿಟ್ಕೊಳ್ರೋ. ಮಿಲಿಟರಿ ಗಾಡಿ ಒಂದನ್ನ ಮನೆಗೆ ತರಬಹುದು ಅಂದ್ರೆ ಯಾವುದನ್ನ ತರ್ತೀರಿ?”

ಉತ್ತರಗಳು ಮಳೆಗಾಲದ ಹಳ್ಳದಂತೆ ಹರಿದುಬಂದವು. ಒಬ್ಬನಿಗೆ ಜರ್ಮನಿಯ ಟೈಗರ್ ಟ್ಯಾಂಕು ಬೇಕು. ಇನ್ನೊಬ್ಬನಿಗೆ ಅಮೆರಿಕದ ಹಮ್‌ವೀ. ಕಾಫಿ ಎಸ್ಟೇಟಿನ ಒಡೆಯನೊಬ್ಬನಿಗೆ ಜೋಂಗಾ. ಅದಕ್ಕೆ ಸರಿಸಾಟಿಯಾದ ಗಾಡಿ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲವೆಂದು ಆತ ಆಣೆಯಿಟ್ಟ. ಮತ್ತೊಬ್ಬನಿಗೆ ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪು, ಅದೂ ಬಾನೆಟ್ಟಿನ ಮೇಲೆ ಬಿಳಿಯ ನಕ್ಷತ್ರವಿರುವಂಥದ್ದೇ ಆಗಬೇಕು. ಕೊನೆಗೆ “ಮೇಷ್ಟ್ರೇ, ನಿಮಗೆ ಯಾವುದು?” ಎಂದು ನನ್ನತ್ತ ತಿರುಗಿದರು. ನಾನು ನಕ್ಕು ಸುಮ್ಮನಾದೆ. ಮನೆಗೆ ಬಂದ ಮೇಲೆ ಆ ನಗು ನನಗೇ ಅಪ್ರಾಮಾಣಿಕವೆನಿಸಿತು. ಆದ್ದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಶಿಷ್ಯರಿಗೆ ಅದು ಕಹಿಯಾದೀತು. ಆದರೆ ಮೇಷ್ಟ್ರ ಮಾತು ಹಿಂದೆಯೂ ಸಿಹಿಯಾಗಿರಲಿಲ್ಲವಷ್ಟೆ!

ನನ್ನ ಮೊದಲನೆಯ ಆಕ್ಷೇಪಣೆ ‘ದುಡ್ಡಿನ ಯೋಚನೆಯೇ ಇಲ್ಲ’ ಎಂಬ ಮಾತಿನ ಮೇಲೆ. ಈ ವಿಷಯದಲ್ಲಿ ಅಡ್ಡಿಯಾಗಿರುವುದು ದುಡ್ಡು ಮಾತ್ರ ಎಂಬ ಭಾವನೆ ಆ ಮಾತಿನಲ್ಲಿ ಅಡಗಿದೆ. ದುಡ್ಡಿನ ಯೋಚನೆ ನಿಜವಾಗಿಯೂ ಇಲ್ಲದವರು ಜಗತ್ತಿನಲ್ಲಿ ಆಗಿಹೋಗಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದ ಪೋರ್ಟೋಲಾ ವ್ಯಾಲಿಯಲ್ಲಿ ಜಾಕ್ವೆಸ್ ಲಿಟಲ್‌ಫೀಲ್ಡ್ ಎಂಬ ಶ್ರೀಮಂತರಿದ್ದರು. ತಮ್ಮ ವಿಸ್ತಾರವಾದ ಜಮೀನಿನಲ್ಲಿ ಸಾಲುಸಾಲು ಕೊಟ್ಟಿಗೆಗಳನ್ನು ಕಟ್ಟಿಸಿ ಇನ್ನೂರಕ್ಕೂ ಹೆಚ್ಚು ಸೇನಾ ವಾಹನಗಳನ್ನು ಕೂಡಿಹಾಕಿದ್ದರು. ಪೋಲೆಂಡಿನ ನದಿಯೊಂದರಲ್ಲಿ ಮುಳುಗಿಹೋಗಿದ್ದ ಜರ್ಮನಿಯ ಪ್ಯಾಂಥರ್ ಟ್ಯಾಂಕನ್ನು ತರಿಸಿ, ವರ್ಷಾನುಗಟ್ಟಲೆ ದುರಸ್ತಿ ಮಾಡಿಸಿ, ಮತ್ತೆ ಚಲಿಸುವಂತೆ ಮಾಡಿದರು. 2009ರ ಜನವರಿಯಲ್ಲಿ ಅವರು ತೀರಿಕೊಂಡರು. ಮುಂದೆ ಆ ಸಂಗ್ರಹ ಪ್ರತಿಷ್ಠಾನವೊಂದರ ವಶಕ್ಕೆ ಹೋಯಿತು. 2014ರ ಜುಲೈ ತಿಂಗಳಲ್ಲಿ ನೂರಕ್ಕೂ ಹೆಚ್ಚು ವಾಹನಗಳು ಹರಾಜಿಗೆ ಬಂದವು. ಉಳಿಸಿಕೊಂಡವುಗಳಲ್ಲಿ ಹಲವು 2019ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಹಡ್ಸನ್ ಎಂಬಲ್ಲಿ ತೆರೆದ ವಸ್ತುಸಂಗ್ರಹಾಲಯವನ್ನು ಸೇರಿದವು.

ಲಿಟಲ್‌ಫೀಲ್ಡರನ್ನು ನಾನು ಹಳಿಯುತ್ತಿಲ್ಲ. ಅವರು ಸಂದರ್ಶಕರಿಗೆ ಬಾಗಿಲು ತೆರೆದಿದ್ದರು. ದುರಸ್ತಿಗಾರರ ಒಂದು ತಂಡವನ್ನೇ ಸಾಕಿದ್ದರು. ಗಮನಿಸಬೇಕಾದದ್ದು ಇಷ್ಟೇ: ಒಡೆತನ ಒಂದು ಆಯುಷ್ಯದೊಂದಿಗೆ ಮುಗಿಯಿತು, ಸಾರ್ವಜನಿಕರ ಪಾಲಿಗೆ ಬಂದದ್ದು ಮತ್ತು ಕುಶಲಕರ್ಮಿಗಳ ಕೈಯಲ್ಲಿ ಉಳಿದ ವಿದ್ಯೆ, ಇವೆರಡೇ ಬಾಳಿದವು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಜರ್ಮನಿಯ ಕೀಲ್ ನಗರದ ಬಳಿಯ ಹೈಕೆನ್‌ಡಾರ್ಫ್‌ನಲ್ಲಿ ವೃದ್ಧರೊಬ್ಬರು ತಮ್ಮ ಮನೆಯ ನೆಲಮಾಳಿಗೆಯಲ್ಲಿ ಒಂದು ಪ್ಯಾಂಥರ್ ಟ್ಯಾಂಕನ್ನು ಇಟ್ಟುಕೊಂಡಿದ್ದರು. 2015ರಲ್ಲಿ ಅದನ್ನು ಹೊರಗೆಳೆಯಲು ಸುಮಾರು 20 ಸೈನಿಕರು 9 ಗಂಟೆಗಳ ಕಾಲ ಹೆಣಗಬೇಕಾಯಿತು. 2021ರಲ್ಲಿ ನ್ಯಾಯಾಲಯ ಆ ವೃದ್ಧರಿಗೆ ಅಮಾನತಿನಲ್ಲಿಟ್ಟ ಸೆರೆಮನೆ ಶಿಕ್ಷೆಯನ್ನೂ 2.5 ಲಕ್ಷ ಯೂರೋ ದಂಡವನ್ನೂ ವಿಧಿಸಿತು. ನೆಲಮಾಳಿಗೆಯ ಕತ್ತಲಲ್ಲಿ ದಶಕಗಟ್ಟಲೆ ಕೂತ ಆ ಟ್ಯಾಂಕಿನಿಂದ ಯಾರು ಏನನ್ನು ಕಲಿತರು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು. ಹಾಸಿಗೆ ಎಷ್ಟಾದರೂ ಉದ್ದವಿದ್ದಾಗ ಏನು ಮಾಡಬೇಕೆಂದು ಅವರು ಹೇಳಲಿಲ್ಲ. ಆಗ ಅವರವರ ವಿವೇಕವೇ ಗತಿ.

ಎರಡನೆಯ ಆಕ್ಷೇಪಣೆ ಇನ್ನೂ ಗುರುತರವಾದುದು. ಕನಸು ಕಾಣುವವರ ಕಣ್ಣಿಗೆ ಉಕ್ಕು ಕಾಣುತ್ತದೆ, ಒಳಗೆ ಕುಳಿತ ಮನುಷ್ಯ ಕಾಣುವುದಿಲ್ಲ. ಟೈಗರ್ ಬೇಕೆಂದ ಶಿಷ್ಯ ಅದರ ತೂಕ ಸುಮಾರು 57 ಟನ್ ಎಂಬುದನ್ನೂ, ಅದರ ಫಿರಂಗಿಯ ಬಾಯಿ 88 ಮಿಲಿಮೀಟರ್ ಎಂಬುದನ್ನೂ ಮಗ್ಗಿಯಂತೆ ಒಪ್ಪಿಸಿದ. ನನ್ನ ಪರೀಕ್ಷೆಗಳಲ್ಲಿ ಇಸವಿಗಳನ್ನು ಮರೆಯುತ್ತಿದ್ದವನು ಇವನೇ ಏನು ಎಂದು ಬೆರಗಾದೆ! ಆದರೆ ಆ ಟ್ಯಾಂಕನ್ನು ಯಾವ ಸರ್ಕಾರ ಕಟ್ಟಿಸಿತು, ಅದು ತಯಾರಾದ ಕಾಸೆಲ್‌ನ ಕಾರ್ಖಾನೆಯಲ್ಲಿ ಪರದೇಶಗಳಿಂದ ಎಳೆತಂದ ಜನರನ್ನು ಹೇಗೆ ಬಲವಂತವಾಗಿ ದುಡಿಸಲಾಯಿತು, ಅದು ಯಾರ ಹೊಲಗಳ ಮೇಲೆ ಹರಿಯಿತು ಎಂಬುದು ಅವನ ಲೆಕ್ಕದಲ್ಲಿ ಇರಲಿಲ್ಲ. 1943ರ ಏಪ್ರಿಲ್‌ನಲ್ಲಿ ಟುನೀಸಿಯಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕ ಒಂದು ಟೈಗರ್ ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಸಂಗ್ರಹಾಲಯದಲ್ಲಿದೆ. ಅದು ಇಂದಿಗೂ ಚಲಿಸಬಲ್ಲುದು. ಅದು ಇರಬೇಕಾದ ಜಾಗ ಅದೇ. ಯಾವುದೇ ಖಾಸಗಿ ಬಂಗಲೆಯ ಅಂಗಳದಲ್ಲಿ ಅದು ಕೇವಲ ಒಡೆಯನ ಗತ್ತಿಗೆ ಸಾಕ್ಷಿಯಾಗುತ್ತದೆ; ಸಂಗ್ರಹಾಲಯದಲ್ಲಿ ಒಂದು ಕಾಲದ ಅಪರಾಧಕ್ಕೆ ಸಾಕ್ಷಿಯಾಗುತ್ತದೆ.

ನಮ್ಮ ದೇಶದ ಉದಾಹರಣೆಯನ್ನೇ ನೋಡೋಣ. 1971ರ ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ ಪೂನಾ ಹಾರ್ಸ್ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಮಡಿದರು. ಆಗ ಅವರ ವಯಸ್ಸು ಕೇವಲ 21. ಉರಿಯುತ್ತಿದ್ದ ಟ್ಯಾಂಕನ್ನು ಬಿಟ್ಟು ಹೊರಬರಲು ಆದೇಶ ಬಂದಾಗ, ಫಿರಂಗಿ ಇನ್ನೂ ಕೆಲಸ ಮಾಡುತ್ತಿದೆಯೆಂದು ಹೇಳಿ ಅವರು ಅಲ್ಲೇ ಉಳಿದರು. ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು. ಮೂವತ್ತು ವರ್ಷಗಳ ತರುವಾಯ, 2001ರಲ್ಲಿ, ಅವರ ತಂದೆ ಬ್ರಿಗೇಡಿಯರ್ ಎಂ. ಎಲ್. ಖೇತ್ರಪಾಲ್ ಪಾಕಿಸ್ತಾನಕ್ಕೆ ಹೋದಾಗ, ತಮ್ಮನ್ನು ಆದರದಿಂದ ಉಪಚರಿಸಿದ ಆತಿಥೇಯರೇ ಆ ದಿನ ಎದುರುಗಡೆಯ ಟ್ಯಾಂಕಿನಲ್ಲಿದ್ದವರು ಎಂಬುದನ್ನು ಅವರ ಬಾಯಿಂದಲೇ ಕೇಳಬೇಕಾಯಿತು. ಮಗನ ಆ ಸೆಂಚುರಿಯನ್ ಟ್ಯಾಂಕಿನ ಹೆಸರು ‘ಫಾಮಗುಸ್ತಾ’. ಅದಕ್ಕೆ ಬೆಲೆ ಕಟ್ಟಬಲ್ಲ ಹರಾಜುದಾರ ಯಾರಿದ್ದಾನೆ?

ಇನ್ನೊಂದು ಸಂಗತಿ ನನ್ನ ಮನಸ್ಸನ್ನು ಬಹಳ ಕಾಡಿತು. ಜಗಲಿಯಲ್ಲಿದ್ದ ಹನ್ನೆರಡು ಮಂದಿಯಲ್ಲಿ ಒಬ್ಬನಾದರೂ ಸೇನೆಯ ಆಂಬುಲೆನ್ಸ್ ಬೇಕೆನ್ನಲಿಲ್ಲ. ನೀರಿನ ಟ್ಯಾಂಕರ್ ಬೇಕೆನ್ನಲಿಲ್ಲ. ಕೆಟ್ಟುನಿಂತ ಟ್ಯಾಂಕನ್ನು ಎಳೆದು ತರುವ ವಾಹನ ಬೇಕೆನ್ನಲಿಲ್ಲ. ವಿಲ್ಲಿಸ್ ಜೀಪಿನ ಅಭಿಮಾನಿಗೆ ಅದರ ಬಿಳಿಯ ನಕ್ಷತ್ರ ನೆನಪಿತ್ತು. ಗಾಯಾಳುಗಳ ಸ್ಟ್ರೆಚರುಗಳನ್ನು ಕಟ್ಟಿಕೊಂಡು ಅದೇ ಜೀಪು ಎಷ್ಟು ಜೀವ ಉಳಿಸಿತೆಂಬುದು ನೆನಪಿರಲಿಲ್ಲ. ಕೊಲ್ಲುವ ಗಾಡಿ ಕನಸಾಗುತ್ತದೆ, ಕಾಯುವ ಗಾಡಿ ಗುಜರಿಯಾಗುತ್ತದೆ. ಇದನ್ನು ನಾನು ಸೇನಾಭಿಮಾನ ಎಂದು ಕರೆಯಲಾರೆ.

ಆ ಜಗಲಿಯ ಮೂಲೆಯಲ್ಲಿ ಇನ್ನೊಬ್ಬ ಶಿಷ್ಯ ಕುಳಿತಿದ್ದ. ಎಸ್ಸೆಸ್ಸೆಲ್ಸಿ ಮುಗಿಸಿ ಸೇನೆಗೆ ಸೇರಿ, ಟ್ಯಾಂಕು ಚಾಲಕನಾಗಿ ದುಡಿದು, ದಫೇದಾರನಾಗಿ ನಿವೃತ್ತನಾದವನು. ಅಲ್ಲಿದ್ದವರಲ್ಲಿ ಸೇನಾ ವಾಹನವನ್ನು ನಿಜವಾಗಿ ಓಡಿಸಿದವನು ಅವನೊಬ್ಬನೇ. ಅವನಿಗೆ ಯಾರೂ ಆ ಪ್ರಶ್ನೆ ಕೇಳಲಿಲ್ಲ. ಹೊರಡುವಾಗ ನಾನೇ ಕೇಳಿದೆ. “ಸಾರ್, ನಂಗೆ ಯಾವುದೂ ಬೇಡ. ರಾಜಸ್ಥಾನದ ಮೇ ತಿಂಗಳಲ್ಲಿ ಮುಚ್ಚಳ ಹಾಕ್ಕೊಂಡು ಒಳಗೆ ಕೂತ್ರೆ, ಕಾಣೋದು ಪೆರಿಸ್ಕೋಪಿನ ಅಂಗೈಯಗಲ ಲೋಕ. ಕಬ್ಬಿಣ ಮುಟ್ಟಿದ್ರೆ ಬೊಬ್ಬೆ ಬರ್ತಿತ್ತು. ಈಗ್ಲೂ ಎಡಗಿವಿ ಸರಿಯಾಗಿ ಕೇಳಲ್ಲ,” ಎಂದ. ಸ್ವಲ್ಪ ತಡೆದು, “ಆದ್ರೆ ಆ ಇಂಜಿನ್ ಶಬ್ದ ಇನ್ನೊಂದ್ ಸಲ ಕೇಳ್ಬೇಕು ಅನ್ಸುತ್ತೆ ಸಾರ್,” ಎಂದೂ ಸೇರಿಸಿದ. ಟ್ಯಾಂಕನ್ನು ಪ್ರೀತಿಸುವುದೆಂದರೆ ಏನೆಂದು ಅಂದು ನನಗೆ ತಿಳಿದದ್ದು ಈ ಎರಡು ಮಾತುಗಳಿಂದ.

ಮೂರನೆಯ ಆಕ್ಷೇಪಣೆ ನಮ್ಮ ಬೀದಿಗಳದ್ದು. ಟ್ಯಾಂಕು ಕೊಳ್ಳಲಾಗದವರು ಜೀಪಿಗೆ ಸೇನೆಯ ಹಸಿರು ಬಣ್ಣ ಬಳಿದು ಸಮಾಧಾನಪಟ್ಟುಕೊಳ್ಳುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೆಯ ನಿಯಮ ಸ್ಪಷ್ಟವಾಗಿದೆ: ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು. ಸೇನೆಯನ್ನು ಗೌರವಿಸುತ್ತೇವೆ ಎನ್ನುವವರೇ ಅದರ ಬಣ್ಣವನ್ನು ಕದ್ದು ಬಳಿಯುವುದು ಯಾವ ಗೌರವ? ಹಾಗೆಂದು ನಾನು ಜೀಪಿನ ದ್ವೇಷಿಯಲ್ಲ. 1947ರಲ್ಲಿ ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪುಗಳ ಜೋಡಣೆ ಆರಂಭಿಸಿದ ಮೇಲೆ ಆ ಗಾಡಿ ನಮ್ಮವರದೇ ಆಯಿತು. ಸೇನೆಯ ಹರಾಜಿನಲ್ಲಿ ಕೊಂಡ ಹಳೆಯ ಜೀಪುಗಳು ಮಲೆನಾಡು, ಕೊಡಗುಗಳ ಕೆಸರಿನಲ್ಲಿ ಕಾಫಿ ಮೂಟೆಗಳನ್ನೂ, ಬಸುರಿ ಹೆಂಗಸರನ್ನೂ, ಜ್ವರ ಬಂದ ಮಕ್ಕಳನ್ನೂ ಹೊತ್ತದ್ದನ್ನು ಕಣ್ಣಾರೆ ಕಂಡಿದ್ದೇನೆ. ದುಡಿಯುವ ಜೀಪಿಗೆ ನನ್ನ ನಮಸ್ಕಾರ. ವೇಷ ಹಾಕಿದ ಜೀಪಿಗಲ್ಲ.

ಜೀಪಿನ ನಿಜವಾದ ಹಿರಿಮೆ ತಿಳಿಯಬೇಕಾದವರು 1965ರ ಅಸಲ್ ಉತ್ತರ್ ಕದನವನ್ನು ಓದಬೇಕು. ಸೆಪ್ಟೆಂಬರ್ 10ರಂದು ಹವಾಲ್ದಾರ್ ಅಬ್ದುಲ್ ಹಮೀದ್, ಜೀಪಿನ ಮೇಲೆ ಕೂರಿಸಿದ ಫಿರಂಗಿಯಿಂದ, ನಲವತ್ತು ಟನ್ನಿಗೂ ಮೀರಿದ ಪ್ಯಾಟನ್ ಟ್ಯಾಂಕುಗಳನ್ನು ಎದುರಿಸಿ ಹಲವನ್ನು ಕೆಡವಿ, ತಾವೂ ಮಡಿದರು. ತೆಳುವಾದ ತಗಡಿನ ಗಾಡಿಯೊಂದು ಗೆದ್ದದ್ದು ಅದರಲ್ಲಿ ಕುಳಿತವನ ಎದೆಗಾರಿಕೆಯಿಂದ. ಯಾವ ಹಣವೂ ಅದನ್ನು ಗಾಡಿಯ ಜೊತೆಗೆ ಮಾರಾಟಕ್ಕೆ ಕೊಡುವುದಿಲ್ಲ.

ಶಿಷ್ಯರನ್ನು ಇಷ್ಟು ಬೈದ ಮೇಲೆ ನನ್ನ ತಪ್ಪನ್ನು ಮುಚ್ಚಿಟ್ಟರೆ ಅದು ನ್ಯಾಯವಲ್ಲ. ಆ ಕದನದ ನಂತರ ವಶವಾದ ಪ್ಯಾಟನ್ ಟ್ಯಾಂಕುಗಳು ದೇಶದ ಹಲವು ಊರುಗಳಿಗೆ ವಿಜಯದ ಕುರುಹುಗಳಾಗಿ ಹೋದವು. ಬಹಳ ವರ್ಷಗಳ ಹಿಂದೆ ಶಾಲೆಯ ಪ್ರವಾಸದಲ್ಲಿ ಅಂಥ ಒಂದು ಟ್ಯಾಂಕಿನ ಮುಂದೆ ನಮ್ಮ ಬಸ್ಸು ನಿಂತಿತ್ತು. ಅದರ ಮೈತುಂಬ ತುಕ್ಕು, ಚಕ್ರಗಳ ಸಂದಿಯಲ್ಲಿ ಕಸ, ಫಿರಂಗಿಯ ಕೊಳವೆಗೆ ಯಾರದೋ ಹುಟ್ಟುಹಬ್ಬದ ಬ್ಯಾನರು. ಹುಡುಗನೊಬ್ಬ ಕೇಳಿದ: “ಸಾರ್, ಇದ್ರೊಳಗೆ ಎಷ್ಟು ಜನ ಕೂರ್ತಾರೆ?” ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನುವ ಧೈರ್ಯವೂ ಇರಲಿಲ್ಲ. “ಹೊತ್ತಾಯ್ತು, ಬಸ್ಸು ಹತ್ತೋ” ಎಂದು ಗದರಿದೆ. 1965ರ ಯುದ್ಧವನ್ನು ನಾನು ಕಾರಣಗಳು, ಘಟನೆಗಳು, ಪರಿಣಾಮಗಳು ಎಂದು ಮೂರು ಭಾಗ ಮಾಡಿ ಬಾಯಿಪಾಠ ಮಾಡಿಸುತ್ತಿದ್ದೆ. ಆ ಮೂರರಲ್ಲಿ ಎಲ್ಲಿಯೂ ಒಳಗೆ ಕೂರುವವರು ಇರಲಿಲ್ಲ.

ನಿವೃತ್ತಿಯ ನಂತರ ಅಹಮದ್‌ನಗರಕ್ಕೆ (ಈಗಿನ ಅಹಲ್ಯಾನಗರ) ಹೋಗಿ, ಸೇನೆಯವರು 1994ರಲ್ಲಿ ಸ್ಥಾಪಿಸಿದ ಕ್ಯಾವಲ್ರಿ ಟ್ಯಾಂಕ್ ಸಂಗ್ರಹಾಲಯವನ್ನು ನೋಡಿದೆ. ಪ್ಯಾಟನ್, ಸೆಂಚುರಿಯನ್, ಆವಡಿಯಲ್ಲಿ ತಯಾರಾದ ನಮ್ಮ ವಿಜಯಂತ, ಎಲ್ಲವೂ ಶುಚಿಯಾಗಿ ನಿಂತಿವೆ. ಪ್ಯಾಟನ್‌ನ ಎಂ 48 ಮಾದರಿಯಲ್ಲಿ ಕೂರುವವರು ನಾಲ್ವರು: ಕಮಾಂಡರ್, ಗನ್ನರ್, ಲೋಡರ್, ಚಾಲಕ. ಇಪ್ಪತ್ತು ವರ್ಷಕ್ಕೂ ಹೆಚ್ಚು ತಡವಾಗಿ ಆ ಹುಡುಗನಿಗೆ ಉತ್ತರ ಸಿಕ್ಕಿತು. ಅವನು ಇಂದು ಎಲ್ಲಿದ್ದಾನೋ!

ಇನ್ನು ನನ್ನ ಕನಸಿನ ಗಾಡಿಯ ವಿಚಾರ. ನನಗೆ ಬೇಕಾದದ್ದು ಶಕ್ತಿಮಾನ್ ಲಾರಿ. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ 1959ರಿಂದ ಜಬಲ್ಪುರದಲ್ಲಿ ತಯಾರಾಗಿ, ಹಿಮದ ಗಡಿಗಳಿಗೆ ಅಕ್ಕಿ, ಸೀಮೆಎಣ್ಣೆ, ಕಾಗದ ಪತ್ರ, ಸೈನಿಕರನ್ನು ದಶಕಗಟ್ಟಲೆ ಹೊತ್ತ ಆ ಒರಟು ಗಾಡಿ ಯಾರ ಪಟ್ಟಿಯಲ್ಲೂ ಇರಲಿಲ್ಲ. ಅದನ್ನು ನನ್ನ ಮನೆಗೆ ತರುವುದಿಲ್ಲ. ನಮ್ಮ ಹಳೆಯ ಶಾಲೆಯ ಅಂಗಳದಲ್ಲಿ ಒಂದು ಮಾಡಿನ ಕೆಳಗೆ ನಿಲ್ಲಿಸಬೇಕು. ಮಕ್ಕಳು ಹತ್ತಬೇಕು, ಬಾನೆಟ್ಟು ಎತ್ತಿ ಇಂಜಿನ್ ನೋಡಬೇಕು. ತಿಂಗಳಿಗೊಮ್ಮೆ ಊರಿನ ನಿವೃತ್ತ ಸೈನಿಕರು ಬಂದು ತಾವು ಕಂಡದ್ದನ್ನು ಹೇಳಬೇಕು, ಅದನ್ನು ಯಾರಾದರೂ ಬರೆದಿಟ್ಟುಕೊಳ್ಳಬೇಕು. ಪಕ್ಕದಲ್ಲಿ ಕನ್ನಡದಲ್ಲಿ ಒಂದು ಫಲಕವಿರಬೇಕು. ಅದರಲ್ಲಿ ತೂಕ, ವೇಗಗಳಿಗಿಂತ ಮೊದಲು ಒಳಗೆ ಎಷ್ಟು ಜನ ಕೂರುತ್ತಿದ್ದರು ಎಂಬುದಿರಬೇಕು.

ಶಿಷ್ಯರೇ, ಇದಕ್ಕೆ ‘ದುಡ್ಡಿನ ಯೋಚನೆಯೇ ಇಲ್ಲ’ ಎಂಬಷ್ಟು ಸಂಪತ್ತು ಬೇಕಿಲ್ಲ. ನಿಮ್ಮಲ್ಲಿ ಕೆಲವರು ಕೊಳ್ಳಲಿರುವ ಮುಂದಿನ ಕಾರಿನ ಒಂದು ಭಾಗ ಸಾಕು. ಅರ್ಜಿ ಬರೆಯುವ ಕೆಲಸ, ಇಲಾಖೆಗಳಿಗೆ ಅಲೆಯುವ ಕೆಲಸ, ಫಲಕದ ಒಕ್ಕಣೆಯ ಕೆಲಸ ನನ್ನದು. ಮೂವತ್ತೆರಡು ವರ್ಷ ಸರ್ಕಾರಿ ಕೆಲಸದಲ್ಲಿದ್ದವನಿಗೆ ಅಲೆದಾಟದ ಅಭ್ಯಾಸವಿದೆ. ಮಕ್ಕಳಿಗೆ ಹೇಳಿಕೊಡುವವನು ನಮ್ಮ ನಡುವೆಯೇ ಇದ್ದಾನೆ. ಮುಂದಿನ ಬಾರಿ ಜಗಲಿಯಲ್ಲಿ ಸೇರಿದಾಗ ಪ್ರಶ್ನೆಯನ್ನು ಮೊದಲು ಅವನಿಗೆ ಕೇಳಿ. ಅವನ ಎಡಗಿವಿ ಮಂದ. ಬಲಗಡೆ ಕುಳಿತು ಕೇಳಿ.