ಹಿಂಜರಿತ ಅಂದ್ರೆ ಬ್ರೇಕ್ ಅಲ್ಲ, ರಿವರ್ಸ್

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ಹಾಸ್ಟೆಲ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪದ: ರಿಸೆಶನ್. ಕನ್ನಡ ಪೇಪರ್‌ಗಳಲ್ಲಿ ಅದನ್ನೇ ‘ಆರ್ಥಿಕ ಹಿಂಜರಿತ’ ಅಂತ ಬರೀತಾರೆ. ‘ಹಿಂಜರಿಯೋದು ಮನುಷ್ಯ ಅಲ್ವಾ, ಆರ್ಥಿಕತೆ ಹೇಗೆ ಹಿಂಜರಿಯುತ್ತೆ?’ ಅಂತ ನಗೋರೂ ಇದ್ದಾರೆ. ನನ್ನ ಪ್ರಕಾರ ಪದ ಸರಿಯಾಗೇ ಇದೆ. ನಾವು ಅದನ್ನ ಬಳಸೋ ರೀತಿ ಸರಿಯಿಲ್ಲ.

ಪದ ಬಿಡಿಸಿ ನೋಡಿ. ‘ಹಿನ್’ ಅಂದ್ರೆ ಹಿಂದೆ, ‘ಜರಿ’ ಅಂದ್ರೆ ಜಾರು, ಕುಸಿ. ಮಳೆಗಾಲದಲ್ಲಿ ‘ಗುಡ್ಡ ಜರಿದು ಘಾಟಿ ರಸ್ತೆ ಬಂದ್’ ಅಂತ ಓದ್ತೀವಲ್ಲ, ಅದೇ ಜರಿ. ಹಿಂಜರಿ ಅಂದ್ರೆ ಹಿಂದಕ್ಕೆ ಜಾರು. ‘ಹಿಮ್ಮೆಟ್ಟು’ ಬೇರೆ. ಅಲ್ಲಿರೋದು ಮೆಟ್ಟು, ಅಂದ್ರೆ ಹೆಜ್ಜೆ ಇಡೋದು. ಸೈನ್ಯ ಹಿಮ್ಮೆಟ್ಟುತ್ತೆ, ಯಾಕಂದ್ರೆ ಅಲ್ಲೊಂದು ತೀರ್ಮಾನ ಇರುತ್ತೆ. ಆರ್ಥಿಕತೆ ಹಿಂದಕ್ಕೆ ಹೋಗಲಿ ಅಂತ ಯಾರೂ ತೀರ್ಮಾನ ಮಾಡಲ್ಲ, ಅದು ಜಾರುತ್ತೆ. ಡೌಟ್ ಕೇಳೋಕೆ ಕೈ ಎತ್ತುವಾಗ ಮನಸ್ಸು ಜಾರೋದೂ ಹೀಗೇ. ಬಳಕೆಯಲ್ಲಿ ಹೆಚ್ಚಾಗಿ ಮನಸ್ಸಿನದ್ದು ‘ಹಿಂಜರಿಕೆ’, ಆರ್ಥಿಕತೆಯದ್ದು ‘ಹಿಂಜರಿತ’.

ಈಗ ತಪ್ಪಿನ ವಿಷಯ. ಬೆಳವಣಿಗೆ ದರ ಶೇ 8ರಿಂದ ಶೇ 5ಕ್ಕೆ ಇಳಿದರೆ ಅದು ಹಿಂಜರಿತ ಅಲ್ಲ. ಗಾಡಿಯ ವೇಗ ತಗ್ಗಿದೆ, ಆದರೆ ಇನ್ನೂ ಮುಂದಕ್ಕೇ ಹೋಗ್ತಿದೆ. ಬ್ರೇಕ್ ಒತ್ತೋದೂ ರಿವರ್ಸ್ ಗೇರ್ ಹಾಕೋದೂ ಒಂದೇ ಅಂತ ಯಾವ ಇಂಜಿನಿಯರಿಂಗ್ ಸ್ಟೂಡೆಂಟ್ ಒಪ್ತಾನೆ? ಸಾಮಾನ್ಯವಾಗಿ ಸತತ ಎರಡು ತ್ರೈಮಾಸಿಕ ಜಿಡಿಪಿ ಕುಗ್ಗಿದರೆ ಅದನ್ನ ತಾಂತ್ರಿಕ ಹಿಂಜರಿತ ಅಂತಾರೆ. 2020ರ ಏಪ್ರಿಲ್–ಜೂನ್ ಮತ್ತು ಜುಲೈ–ಸೆಪ್ಟೆಂಬರ್, ಎರಡರಲ್ಲೂ ಭಾರತದ ಜಿಡಿಪಿ ಹಿಂದಿನ ವರ್ಷದ ಅದೇ ಅವಧಿಗಿಂತ ಕುಗ್ಗಿತ್ತು. ಅದು ನಿಜವಾದ ಹಿಂಜರಿತ.

ಒಂದು ಕಂಪನಿ ಈ ವರ್ಷ ಕ್ಯಾಂಪಸ್‌ಗೆ ಬರಲಿಲ್ಲ ಅಂದ್ರೆ ಅದು ಆ ಕಂಪನಿಯ ನೇಮಕಾತಿ ವಿಚಾರ. ಅದಕ್ಕೂ ‘ರಿಸೆಶನ್ ಮಗಾ’ ಅಂದುಬಿಟ್ರೆ ನಷ್ಟ ನಮಗೇ. ‘ಹೇಗಿದ್ರೂ ಕೆಲಸ ಸಿಗಲ್ಲ’ ಅಂತ ಒಬ್ಬ ಅಪ್ಲೈ ಮಾಡೋದನ್ನೇ ಬಿಡ್ತಾನೆ. ಇನ್ನೊಬ್ಬಳು ಹೆದರಿ, ಓದದೇ ಸರ್ವಿಸ್ ಬಾಂಡ್‌ಗೆ ಸಹಿ ಹಾಕ್ತಾಳೆ. ಅಂಕಿಅಂಶದಲ್ಲಿ ಇಲ್ಲದ ಹಿಂಜರಿತ ನಮ್ಮ ಮನಸ್ಸಲ್ಲಿ ಹಿಂಜರಿಕೆ ಆಗುತ್ತೆ.

ಹಾಗಾಗಿ ನೇಮಕಾತಿ ಕಡಿಮೆ ಆದ್ರೆ ‘ನೇಮಕಾತಿ ಕಡಿಮೆ’ ಅನ್ನೋಣ. ಬೆಳವಣಿಗೆ ನಿಧಾನ ಆದ್ರೆ ‘ಮಂದಗತಿ’ ಅನ್ನೋಣ. ಹಿಂಜರಿತ ಅನ್ನೋ ಪದವನ್ನ ನಿಜಕ್ಕೂ ಹಿಂದಕ್ಕೆ ಜಾರಿದಾಗ ಮಾತ್ರ ಬಳಸೋಣ. ಮುಂದಿನ ಸಲ ಯಾರಾದ್ರೂ ‘ರಿಸೆಶನ್’ ಅಂದ್ರೆ ಒಂದೇ ಪ್ರಶ್ನೆ ಕೇಳಿ: ಬ್ರೇಕಾ, ರಿವರ್ಸಾ?